ಮನೆ ಕಟ್ಟಿ ನೋಡು: ಬಿಸಿಲಿನಿಂದ ನಡೆಯುವ ಮನೆಗಳ ಪರೀಕ್ಷೆ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಈ ಎರಡು ಕಾರ್ಯಗಳಲ್ಲಿ ಆಗುವ ಖರ್ಚನ್ನೂ ಪಡಬೇಕಾದ ಪಾಡನ್ನೂ ನೆನೆದು ಹಿರಿಯರು ಈ ಮಾತನ್ನು ಹೇಳಿರಬೇಕು. ಆದರೆ ಭೌತವಿಜ್ಞಾನವನ್ನು ಓದುವ ನಾವು ಗಾದೆಯ ಮೊದಲನೆಯ ಭಾಗವನ್ನು ಅಕ್ಷರಶಃ ತೆಗೆದುಕೊಳ್ಳಬಹುದು. ಮನೆಯನ್ನು ಕಟ್ಟಬೇಕು, ಕಟ್ಟಿದ ಮೇಲೆ ನೋಡಬೇಕು, ಎಂದರೆ ಅಳೆಯಬೇಕು. ಒಳಗಿನ ಉಷ್ಣತೆ ಎಷ್ಟು, ಗೋಡೆಯ ಮೂಲಕ ಹೊರಬೀಳುವ ಶಾಖವೆಷ್ಟು, ಚಾವಣಿಯ ಮೇಲೆ ಬಿದ್ದ ಬಿಸಿಲಿನಲ್ಲಿ ಕೆಲಸಕ್ಕೆ ಒದಗಿದ್ದೆಷ್ಟು ಎಂಬುದನ್ನು ಕಾಗದದ ಮೇಲಿನ ಲೆಕ್ಕವೊಂದರಿಂದಲೇ ತೀರ್ಮಾನಿಸದೆ, ಉಪಕರಣಗಳನ್ನು ಕೇಳಿ ತಿಳಿಯಬೇಕು.

ಹೀಗೆ ಕಟ್ಟಿ ನೋಡುವ ಕೆಲಸವನ್ನು ಕಾಲೇಜು ವಿದ್ಯಾರ್ಥಿಗಳ ಕೈಗೇ ಒಪ್ಪಿಸಿದ ಸ್ಪರ್ಧೆಯೊಂದು 2002ರ ಶರತ್ಕಾಲದಲ್ಲಿ ಅಮೆರಿಕದ ರಾಜಧಾನಿಯಾದ ವಾಷಿಂಗ್ಟನ್ ನಗರದಲ್ಲಿ ಮೊದಲಾಯಿತು. ಅದನ್ನು ಏರ್ಪಡಿಸಿದ್ದು ಆ ದೇಶದ ಶಕ್ತಿ ಇಲಾಖೆ. ಅದರ ಹೆಸರು ಸೋಲಾರ್ ಡೆಕಾತ್ಲಾನ್. ಡೆಕಾತ್ಲಾನ್ ಎಂಬುದು ಒಬ್ಬನೇ ಕ್ರೀಡಾಪಟು ಓಟ, ನೆಗೆತ, ಎಸೆತ ಮುಂತಾದ ಹತ್ತು ಪಂದ್ಯಗಳಲ್ಲಿ ಭಾಗವಹಿಸುವ ಒಲಿಂಪಿಕ್ ಸ್ಪರ್ಧೆ ಎಂಬುದನ್ನು ವಾಚಕರು ಬಲ್ಲರು. ಒಂದರಲ್ಲಿ ಮಾತ್ರ ಗಟ್ಟಿಗನಾದವನು ಅಲ್ಲಿ ಗೆಲ್ಲಲಾರ. ಇಲ್ಲಿಯೂ ಹಾಗೆಯೇ, ಕ್ರೀಡಾಪಟುವಿನ ಸ್ಥಾನದಲ್ಲಿ ಮನೆ ಇದೆ ಎಂಬುದಷ್ಟೇ ವ್ಯತ್ಯಾಸ.

ಹತ್ತು ಪರೀಕ್ಷೆಗಳ ಪಂದ್ಯ

ಮೊದಲನೆಯ ಸ್ಪರ್ಧೆಗೆ 14 ತಂಡಗಳು ಬಂದವು. ಪ್ರತಿಯೊಂದು ತಂಡವೂ ತನ್ನ ಕಾಲೇಜಿನಲ್ಲಿ ತಿಂಗಳುಗಟ್ಟಲೆ ದುಡಿದು ಒಂದು ಸಣ್ಣ ಮನೆಯನ್ನು ಕಟ್ಟಿ, ಅದನ್ನು ಬಿಚ್ಚಿ, ಲಾರಿಗಳಲ್ಲಿ ಹೇರಿಕೊಂಡು ಬಂದು, ನಗರದ ನಡುವಿನ ನ್ಯಾಷನಲ್ ಮಾಲ್ ಎಂಬ ಹುಲ್ಲುಹಾಸಿನ ಮೇಲೆ ಮತ್ತೆ ಜೋಡಿಸಬೇಕಾಗಿತ್ತು. ಕೆಲವೇ ದಿನಗಳಲ್ಲಿ ಅಲ್ಲೊಂದು ಹೊಸ ಬೀದಿಯೇ ಎದ್ದು ನಿಂತಿತು. ಅನಂತರ ಸುಮಾರು ಒಂದು ವಾರ ಆ ಮನೆಗಳು ತಮ್ಮ ಮೇಲೆ ಬಿದ್ದ ಬಿಸಿಲಿನಿಂದಲೇ ನಡೆಯಬೇಕು. ನಿಜವಾದ ಸಂಸಾರವೊಂದು ಮಾಡುವ ಕೆಲಸಗಳೆಲ್ಲ ಅಲ್ಲಿ ನಡೆಯಬೇಕು. ಉಪಕರಣಗಳು ಹಗಲಿರುಳೂ ಎಲ್ಲವನ್ನೂ ಬರೆದುಕೊಳ್ಳುತ್ತಿರುತ್ತವೆ. ಮೊದಲ ಸಲ ಗೆದ್ದದ್ದು ಕೊಲರಾಡೊ ವಿಶ್ವವಿದ್ಯಾನಿಲಯ. 2005ರಲ್ಲಿ ನಡೆದ ಎರಡನೆಯ ಸ್ಪರ್ಧೆಯಲ್ಲಿಯೂ ಅದೇ ಗೆದ್ದಿತು.

ಪರೀಕ್ಷೆಗಳ ಪಟ್ಟಿ ಸ್ಪರ್ಧೆಯಿಂದ ಸ್ಪರ್ಧೆಗೆ ಸ್ವಲ್ಪ ಬದಲಾಗಿದೆ. ವಾಸ್ತುಶಿಲ್ಪದ ಸೊಗಸು, ನಕ್ಷೆಗಳ ಅಚ್ಚುಕಟ್ಟು ಮುಂತಾದುವನ್ನು ತೀರ್ಪುಗಾರರು ನೋಡಿ ಅಂಕ ಕೊಡುತ್ತಿದ್ದರು. ಅವುಗಳ ಮಾತು ಇಲ್ಲಿ ಬೇಡ. ನಮ್ಮ ಕುತೂಹಲವಿರುವುದು ಅಳತೆಯಿಂದ ತೀರ್ಮಾನವಾಗುವ ಪರೀಕ್ಷೆಗಳಲ್ಲಿ. ಒಳಗಿನ ಉಷ್ಣತೆ ಸುಮಾರು 22ರಿಂದ 24 ಡಿಗ್ರಿ ಸೆಲ್ಸಿಯಸ್ ಮಿತಿಯನ್ನು ಬಿಟ್ಟು ಕದಲಬಾರದು. ಗಾಳಿಯ ತೇವವೂ ಮಿತಿಯಲ್ಲಿರಬೇಕು. ತಂಗಳುಪೆಟ್ಟಿಗೆ ಸದಾ ತಣ್ಣಗಿರಬೇಕು. ಟವೆಲುಗಳನ್ನು ಒಗೆದು ಒಣಗಿಸಿದ ಮೇಲೆ ತೂಕ ಮಾಡುತ್ತಾರೆ. ಒಗೆಯುವ ಮೊದಲಿದ್ದ ತೂಕಕ್ಕೆ ಅವು ಮರಳಿರಬೇಕು. ಬಟ್ಟೆ ಒಣಗಿತೋ ಇಲ್ಲವೋ ಎಂಬುದನ್ನು ಮುಟ್ಟಿ ನೋಡಿ ಹೇಳುವುದಲ್ಲ, ತಕ್ಕಡಿಯನ್ನು ಕೇಳಿ ಹೇಳುವುದು! ಮೊದಲ ಮೂರು ಸ್ಪರ್ಧೆಗಳಲ್ಲಿ ಮನೆಯ ವಿದ್ಯುತ್ತಿನಿಂದ ಒಂದು ಸಣ್ಣ ವಾಹನವನ್ನೂ ಓಡಿಸಬೇಕಾಗಿತ್ತು. ಓಡಿದ ದೂರಕ್ಕೆ ತಕ್ಕಂತೆ ಅಂಕ.

ಇವುಗಳಲ್ಲಿ ಎರಡನ್ನು ಆರಿಸಿಕೊಂಡು ಲೆಕ್ಕ ಮಾಡಿ ನೋಡೋಣ. ಮೊದಲನೆಯದು ಅಡಿಗೆ. ಯಾವ ತಂಡ ಯಾವ ಅಡಿಗೆಯನ್ನು ಮಾಡಿದರೂ ಹೋಲಿಕೆ ಕಷ್ಟವಾದ್ದರಿಂದ, 2011ರ ನಿಯಮ ಬಹು ಸರಳವಾಗಿತ್ತು: 5 ಪೌಂಡು, ಎಂದರೆ ಸುಮಾರು 2.3 ಕಿಲೋಗ್ರಾಂ ನೀರನ್ನು ಎರಡು ಗಂಟೆಯೊಳಗೆ ಕುದಿಸಿ ಆವಿ ಮಾಡಬೇಕು. 25 ಡಿಗ್ರಿಯಲ್ಲಿರುವ ನೀರು 100 ಡಿಗ್ರಿಗೆ ಏರಲು ಪ್ರತಿ ಕಿಲೋಗ್ರಾಮಿಗೆ ಸುಮಾರು 315 ಕಿಲೋಜೌಲ್ ಬೇಕು. ಅನಂತರ ಆವಿಯಾಗಲು ಗುಪ್ತೋಷ್ಣ 2,260 ಕಿಲೋಜೌಲ್ ಬೇಕು. ಒಟ್ಟು 5,900 ಕಿಲೋಜೌಲಿಗೆ ಸ್ವಲ್ಪ ಮೇಲೆ. ವಿದ್ಯುತ್ತಿನ ಬಿಲ್ಲಿನ ಭಾಷೆಯಲ್ಲಿ ಸುಮಾರು 1.6 ಯೂನಿಟ್. ಈ ಲೆಕ್ಕದಲ್ಲಿ ಯಾರ ಜಾಣತನವೂ ನಡೆಯದು. ಪಾತ್ರೆಯ ಸುತ್ತ ಸೋರುವ ಶಾಖವನ್ನು ಕಡಿಮೆ ಮಾಡಬಹುದೇ ಹೊರತು ಗುಪ್ತೋಷ್ಣದಲ್ಲಿ ಚೌಕಾಶಿ ಇಲ್ಲ.

ಎರಡನೆಯದು ಬಿಸಿನೀರು. ಸ್ನಾನಕ್ಕೆ ಸಮನಾಗಿ 15 ಗ್ಯಾಲನ್, ಎಂದರೆ ಸುಮಾರು 57 ಲೀಟರು ನೀರನ್ನು, ಕಡಮೆಯೆಂದರೆ 43 ಡಿಗ್ರಿ ಉಷ್ಣತೆಯಲ್ಲಿ, ಹತ್ತು ನಿಮಿಷಗಳೊಳಗೆ ಕೊಡಬೇಕು. ತಣ್ಣೀರು 18 ಡಿಗ್ರಿಯಲ್ಲಿದೆ ಎಂದಿಟ್ಟುಕೊಂಡರೆ ಇದಕ್ಕೂ ಸುಮಾರು 6,000 ಕಿಲೋಜೌಲ್ ಬೇಕು; ಹೆಚ್ಚುಕಡಿಮೆ ಅಡಿಗೆಯಷ್ಟೇ. ಆದರೆ ಅವಧಿಯನ್ನು ಗಮನಿಸಿ. ಹತ್ತು ನಿಮಿಷವೆಂದರೆ 600 ಸೆಕೆಂಡು. ಸೆಕೆಂಡಿಗೆ 10 ಕಿಲೋಜೌಲ್, ಎಂದರೆ 10 ಕಿಲೋವಾಟ್! ಸಣ್ಣ ಮನೆಯೊಂದರ ಚಾವಣಿಯ ಫಲಕಗಳೆಲ್ಲ ನಡುಹಗಲಿನಲ್ಲಿ ಸೇರಿ ಕೊಡುವ ಸಾಮರ್ಥ್ಯ ಅಷ್ಟಿರಬಹುದು. ಆದ್ದರಿಂದ ಬೇಕೆಂದಾಗ ಕಾಯಿಸುತ್ತೇವೆ ಎಂಬ ತಂಡಕ್ಕೆ ಇಲ್ಲಿ ದಾರಿಯಿಲ್ಲ. ಹಗಲೆಲ್ಲ ನಿಧಾನವಾಗಿ ಕಾಯಿಸಿ, ಶಾಖ ಸೋರದಂತೆ ಹೊದಿಸಿದ ತೊಟ್ಟಿಯಲ್ಲಿ ಕೂಡಿಡಬೇಕು. ಶಕ್ತಿ ಬೇರೆ, ಸಾಮರ್ಥ್ಯ ಬೇರೆ ಎಂದು ತರಗತಿಯಲ್ಲಿ ಎಷ್ಟು ಸಲ ಹೇಳಿದರೂ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಇವೆರಡನ್ನೂ ಕಲಸಿಬಿಡುತ್ತಾರೆ. ಬಿಸಿನೀರಿನ ಕೊಳವೆಯ ಮುಂದೆ ಗಡಿಯಾರ ಹಿಡಿದು ನಿಂತವನು ಮತ್ತೆ ಕಲಸಲಾರ.

ಗಳಿಕೆಗೆ ಮೊದಲು ಉಳಿತಾಯ

ಸೌರಗೃಹವೆಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಚಾವಣಿಯ ಮೇಲಿನ ನೀಲಿ ಫಲಕಗಳು. ಆದರೆ ಈ ಸ್ಪರ್ಧೆಗಳಲ್ಲಿ ಪಳಗಿದವರು ಮೊದಲು ವಿಚಾರಿಸುವುದು ಗೋಡೆಯನ್ನು. ಕಾರಣವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು.

ಮನೆಯ ಗೋಡೆ ಮತ್ತು ಚಾವಣಿಗಳ ಒಟ್ಟು ವಿಸ್ತೀರ್ಣ 100 ಚದರ ಮೀಟರು ಎನ್ನೋಣ. ಹೊರಗೆ 10 ಡಿಗ್ರಿ, ಒಳಗೆ 23 ಡಿಗ್ರಿ, ವ್ಯತ್ಯಾಸ 13. ಸಾಧಾರಣ ಇಟ್ಟಿಗೆಯ ಗೋಡೆ ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ, ಸುಮಾರು 2 ವಾಟಿನಂತೆ ಶಾಖವನ್ನು ಹೊರಗೆ ಬಿಡುತ್ತದೆ. ಆಗ ನಷ್ಟ 2,600 ವಾಟ್. ದಿನಕ್ಕೆ 62 ಯೂನಿಟ್. ಅದೇ ಗೋಡೆಯಲ್ಲಿ ದಪ್ಪನಾದ ಶಾಖರೋಧಕ ಪದರವನ್ನು ಸೇರಿಸಿ ಈ ಅಂಕಿಯನ್ನು 0.2ಕ್ಕೆ ಇಳಿಸಿದರೆ ನಷ್ಟ 260 ವಾಟ್. ದಿನಕ್ಕೆ 6 ಯೂನಿಟಿಗೆ ಸ್ವಲ್ಪ ಮೇಲೆ. ಉಳಿದದ್ದು 56 ಯೂನಿಟ್. ಒಂದು ಕಿಲೋವಾಟಿನ ಫಲಕಗಳು ಒಳ್ಳೆಯ ಬಿಸಿಲಿರುವ ದಿನ ಸುಮಾರು 4 ಯೂನಿಟ್ ಕೊಡುತ್ತವೆ ಎಂದು ಹಿಡಿದರೆ, ಬರಿಯ ವಿದ್ಯುತ್ ಒಲೆಯಿಂದ ಆ 56 ಯೂನಿಟನ್ನು ತುಂಬಲು 14 ಕಿಲೋವಾಟಿನ ಫಲಕಗಳು ಬೇಕಾಗುತ್ತವೆ. ಹೊರಗಿನ ಗಾಳಿಯಿಂದ ಶಾಖವನ್ನೆತ್ತಿ ಒಳಗೆ ತರುವ ಶಾಖಪಂಪನ್ನು ಬಳಸಿದರೆ ಇದು ಮೂರರಲ್ಲೊಂದು ಭಾಗಕ್ಕೆ ಇಳಿಯಬಹುದು. ಆದರೂ ಸಣ್ಣ ಮೊತ್ತವಲ್ಲ. ತೂತುಬಿದ್ದ ಕೊಡಕ್ಕೆ ನೀರು ಹೊಯ್ಯುವುದಕ್ಕಿಂತ ಮೊದಲು ತೂತನ್ನು ಮುಚ್ಚುವುದು ಸುಲಭವಲ್ಲವೆ?

ಹಾಗೆಂದು ದಪ್ಪ ಗೋಡೆಯೊಂದೇ ಸಾಕೆಂದು ತಿಳಿಯಬಾರದು. ಅದು ಹೊಸದೊಂದು ತೊಡಕನ್ನು ತರುತ್ತದೆ. 2009ರಿಂದ ಸ್ಪರ್ಧೆಯಲ್ಲಿ ಪ್ರತಿ ತಂಡವೂ ನೆರೆಯ ತಂಡದವರನ್ನು ಊಟಕ್ಕೆ ಕರೆಯಬೇಕೆಂಬ ನಿಯಮ ಬಂದಿತು. ಸುಮ್ಮನೆ ಕುಳಿತ ಮನುಷ್ಯನ ದೇಹ ಸುಮಾರು 100 ವಾಟಿನಂತೆ ಶಾಖವನ್ನು ಬಿಡುತ್ತಿರುತ್ತದೆ. ಎಂಟು ಜನ ಅತಿಥಿಗಳು ಎಂದರೆ 800 ವಾಟ್. ಇಟ್ಟಿಗೆಯ ಮನೆಗೆ ಇದು ಲೆಕ್ಕಕ್ಕಿಲ್ಲ. ಆದರೆ 260 ವಾಟನ್ನು ಮಾತ್ರ ಹೊರಬಿಡುವ ಮನೆಯಲ್ಲಿ ಅತಿಥಿಗಳೇ ಮೂರು ಪಾಲು ಶಾಖವನ್ನು ತುಂಬಿಬಿಡುತ್ತಾರೆ. ಜೊತೆಗೆ ಒಲೆಯ ಶಾಖ, ಅಡಿಗೆಯ ಹಬೆ, ಮತ್ತೆ ಮತ್ತೆ ತೆರೆಯುವ ಬಾಗಿಲು. ಉಷ್ಣತೆ ಮಿತಿಯನ್ನು ಮೀರಿತೆಂದರೆ ಅಂಕ ಹೋಯಿತು. ನಕ್ಷೆಯಲ್ಲಿ ಮನೆ ಖಾಲಿಯಾಗಿರುತ್ತದೆ. ನಿಜದಲ್ಲಿ ಅದರೊಳಗೆ ಜನರಿರುತ್ತಾರೆ. ಲೆಕ್ಕಕ್ಕೂ ಅನುಭವಕ್ಕೂ ನಡುವೆ ಇರುವ ಅಂತರದಲ್ಲಿ ಹೆಚ್ಚಿನ ಪಾಲು ಇದೇ ಎಂಬುದು ನಮ್ಮ ಅಭಿಪ್ರಾಯ.

ಮಳೆ ಬಂದ ವಾರ

2005ರ ಅಕ್ಟೋಬರಿನಲ್ಲಿ ಎರಡನೆಯ ಸ್ಪರ್ಧೆಗೆಂದು 18 ಮನೆಗಳು ಎದ್ದು ನಿಂತ ಹೊತ್ತಿಗೆ ವಾಷಿಂಗ್ಟನ್ನಿನಲ್ಲಿ ಜೋರು ಮಳೆ ಹಿಡಿಯಿತು. ಮುಂದೆಯೂ ಮೋಡ ಸರಿಯಲು ಒಲ್ಲದಾಯಿತು. ಆಗಿನ ನಿಯಮದಂತೆ ಮನೆಗಳಿಗೆ ಹೊರಗಿನ ವಿದ್ಯುತ್ ತಂತಿಯ ಸಂಬಂಧವಿರಲಿಲ್ಲ. ಹಗಲು ಗಳಿಸಿದ್ದನ್ನು ಬ್ಯಾಟರಿಗಳಲ್ಲಿ ತುಂಬಿಟ್ಟು ರಾತ್ರಿ ಖರ್ಚು ಮಾಡಬೇಕು. ಸ್ಪರ್ಧೆ ಮುಗಿದಾಗ ಬ್ಯಾಟರಿಯಲ್ಲಿ ಮೊದಲಿದ್ದಷ್ಟು ವಿದ್ಯುತ್ತು ಉಳಿದಿರಬೇಕು. “ಹಾಸಿಗೆ ಇದ್ದಷ್ಟು ಕಾಲು ಚಾಚು” ಎಂಬ ಗಾದೆಯೇ ಅಲ್ಲಿ ಕಾನೂನು. ಇಂದು ಬಟ್ಟೆ ಒಣಗಿಸಿ ಅಂಕ ಪಡೆಯುವುದೋ, ನಾಳೆಯ ತಂಗಳುಪೆಟ್ಟಿಗೆಗಾಗಿ ವಿದ್ಯುತ್ತನ್ನು ಉಳಿಸುವುದೋ? ವಾಹನವನ್ನು ಓಡಿಸುವುದೋ, ದೀಪಗಳನ್ನು ಉರಿಸುವುದೋ? ಇವು ಯಾವ ಪಠ್ಯಪುಸ್ತಕದ ಕೊನೆಯಲ್ಲಿಯೂ ಇಲ್ಲದ ಪ್ರಶ್ನೆಗಳು. ಹವಾಮಾನದ ವರದಿಯನ್ನು ಮುಂದಿಟ್ಟುಕೊಂಡು ದಿನದ ಖರ್ಚನ್ನು ತೀರ್ಮಾನಿಸಬೇಕಾಯಿತು. ಆ ವರ್ಷ ಗೆದ್ದ ಕೊಲರಾಡೊ ತಂಡದ ಮನೆಯ ಗೋಡೆಗಳಲ್ಲಿ ಸೋಯಾ ಎಣ್ಣೆಯಿಂದ ತಯಾರಿಸಿದ ನೊರೆಯನ್ನು ಶಾಖರೋಧಕವಾಗಿ ತುಂಬಿದ್ದರು ಎಂಬುದನ್ನು ಇಲ್ಲಿ ನೆನೆಯಬಹುದು.

2009ರಲ್ಲಿ ಈ ನಿಯಮ ಬದಲಾಯಿತು. ಮನೆಗಳನ್ನೆಲ್ಲ ವಿದ್ಯುತ್ ಜಾಲಕ್ಕೆ ಜೋಡಿಸಿ, ಎರಡೂ ದಿಕ್ಕಿನಲ್ಲಿ ಅಳೆಯುವ ಮೀಟರುಗಳನ್ನು ಇಟ್ಟರು. ಹೆಚ್ಚಾದ ವಿದ್ಯುತ್ತನ್ನು ಜಾಲಕ್ಕೆ ಕೊಡಬಹುದು, ಕಡಮೆಯಾದಾಗ ತೆಗೆದುಕೊಳ್ಳಬಹುದು. ಕೊನೆಯಲ್ಲಿ ಜಮಾ ಖರ್ಚು ನೋಡುತ್ತಾರೆ. ಈ ಒಂದು ಪರೀಕ್ಷೆಗೆ 150 ಅಂಕಗಳಿದ್ದುವು. ಕೊಟ್ಟದ್ದು ತೆಗೆದುಕೊಂಡದ್ದಕ್ಕಿಂತ ಹೆಚ್ಚಾದಷ್ಟೂ ಲಾಭ. ಜರ್ಮನಿಯ ಡಾರ್ಮ್‌ಸ್ಟಾಟ್ ತಾಂತ್ರಿಕ ವಿಶ್ವವಿದ್ಯಾನಿಲಯದವರು ಈ ನಿಯಮವನ್ನು ಚೆನ್ನಾಗಿ ಓದಿಕೊಂಡು ಬಂದಿದ್ದರು. 2007ರಲ್ಲಿ ಓಕ್ ಮರದ ಪಟ್ಟಿಗಳ ಮೇಲೆ ವಿದ್ಯುತ್ಕೋಶಗಳನ್ನು ಕೂಡಿಸಿದ ಕವಾಟಗಳುಳ್ಳ ಮನೆಯಿಂದ ಗೆದ್ದಿದ್ದವರೂ ಅವರೇ. ಈ ಸಲ ಪೆಟ್ಟಿಗೆಯಂತಹ ಎರಡಂತಸ್ತಿನ ಮನೆಯನ್ನು ಕಟ್ಟಿ, ಚಾವಣಿಯ ಮೇಲೆ ಸುಮಾರು 11 ಕಿಲೋವಾಟಿನ ಸಿಲಿಕಾನ್ ಫಲಕಗಳನ್ನು ಹಾಸಿದ್ದಲ್ಲದೆ, ಗೋಡೆಗಳಿಗೂ ತೆಳುಪದರದ ಫಲಕಗಳನ್ನು ಹೊದಿಸಿಬಿಟ್ಟರು. ಮೋಡದ ದಿನ ಬೆಳಕು ಆಕಾಶದ ಎಲ್ಲ ಕಡೆಯಿಂದಲೂ ಬರುತ್ತದೆಯಾದ್ದರಿಂದ ನಿಂತ ಗೋಡೆಯೂ ಸ್ವಲ್ಪ ಗಳಿಸುತ್ತದೆ. ಆ ವರ್ಷವೂ ಅವರೇ ಗೆದ್ದರು. ಎರಡನೆಯ ಸ್ಥಾನಕ್ಕೆ ಬಂದ ಇಲಿನಾಯ್ ವಿಶ್ವವಿದ್ಯಾನಿಲಯದವರದು ಹಳೆಯ ಕಣಜದ ಮರವನ್ನು ಬಳಸಿ ಕಟ್ಟಿದ, ಇಳಿಜಾರು ಮಾಡಿನ, ಬಹು ದಪ್ಪ ಗೋಡೆಯ ಮನೆ. ಇಬ್ಬರ ಅಂಕಗಳ ನಡುವೆ ಹೆಚ್ಚು ಅಂತರವಿರಲಿಲ್ಲ.

ಡಾರ್ಮ್‌ಸ್ಟಾಟ್ ಮನೆ ಎಂಜಿನಿಯರಿಂಗಿನ ದೃಷ್ಟಿಯಿಂದ ಮೆಚ್ಚತಕ್ಕದ್ದೇ. ಆದರೆ ನಾಲ್ಕೂ ಗೋಡೆಗಳಿಗೆ ಫಲಕ ಹೊದಿಸಿದ ಮನೆಯನ್ನು ಕೊಳ್ಳಬಲ್ಲವರು ಎಷ್ಟು ಮಂದಿ? ಈ ಪ್ರಶ್ನೆ ಸ್ಪರ್ಧೆಯನ್ನು ನಡೆಸುವವರಿಗೂ ಹೊಳೆದಿರಬೇಕು. 2011ರಲ್ಲಿ ಬೆಲೆಯೂ ಒಂದು ಪರೀಕ್ಷೆಯಾಯಿತು. ಎರಡೂವರೆ ಲಕ್ಷ ಡಾಲರಿನೊಳಗೆ ಕಟ್ಟಬಹುದಾದ ಮನೆಗೆ ಪೂರ್ಣ 100 ಅಂಕ. ಅದಕ್ಕಿಂತ ಹೆಚ್ಚಾದಂತೆ ಅಂಕ ಇಳಿಯುತ್ತದೆ. ಗಳಿಸಿದ ವಿದ್ಯುತ್ತು ಖರ್ಚಿಗೆ ಸರಿದೂಗಿದರೆ ಸಾಕು, ಹೆಚ್ಚು ಗಳಿಸಿದ್ದಕ್ಕೆ ಬಹುಮಾನವಿಲ್ಲ. ಕೂಡಲೇ ಮನೆಗಳ ರೂಪ ಬದಲಾಯಿತು! ನ್ಯೂಯಾರ್ಕಿನ ಪಾರ್ಸನ್ಸ್ ಮತ್ತು ನ್ಯೂಜೆರ್ಸಿಯ ಸ್ಟೀವನ್ಸ್ ಸಂಸ್ಥೆಯ ವಿದ್ಯಾರ್ಥಿಗಳು ಕೂಡಿ ಕಟ್ಟಿದ ‘ಎಂಪವರ್‌ಹೌಸ್’ ಎಂಬ ಮನೆಯ ಮೇಲೆ ಇದ್ದದ್ದು ಸ್ಪರ್ಧೆಯ ಸಣ್ಣ ಫಲಕವ್ಯೂಹಗಳಲ್ಲೊಂದು. ಅವರು ಹಣವನ್ನು ಗೋಡೆಗೂ ಕಿಟಕಿಗೂ ಹಾಕಿದ್ದರು. ಬೆಲೆಯ ಪರೀಕ್ಷೆಯಲ್ಲಿ ಅದು ಬೆಲ್ಜಿಯಂ ತಂಡದ ಮನೆಯೊಡನೆ ಮೊದಲ ಸ್ಥಾನವನ್ನು ಹಂಚಿಕೊಂಡಿತು. ಒಟ್ಟು ಅಂಕಗಳಲ್ಲಿ ಗೆದ್ದದ್ದು ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯ. ಆದರೂ ನಮಗೆ ಹೆಚ್ಚು ಹಿಡಿಸಿದ್ದು ಎಂಪವರ್‌ಹೌಸೇ. ಅದರ ಕಾರಣವನ್ನು ಹೇಳುವುದಕ್ಕೆ ಮೊದಲು ಹಳೆಯ ಕಥೆಯೊಂದನ್ನು ಹೇಳಬೇಕಾಗಿದೆ.

ಒಂದು ವಾರದಲ್ಲಿ ಕಾಣದ್ದು

ಬಿಸಿಲಿನಿಂದ ಮನೆಯನ್ನು ಬೆಚ್ಚಗಿಡುವ ಪ್ರಯತ್ನ ಹೊಸದೇನಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯಲ್ಲಿ ಹಾಯ್ಟ್ ಹಾಟಲ್ ಮತ್ತು ಅವರ ಸಂಗಡಿಗರು 1939ರಲ್ಲಿಯೇ ಒಂದು ಪ್ರಾಯೋಗಿಕ ಸೌರಗೃಹವನ್ನು ಕಟ್ಟಿದ್ದರು. ಅದೇ ಸಂಸ್ಥೆಯಲ್ಲಿ ಸಂಶೋಧಕಿಯಾಗಿದ್ದ, ಹಂಗೆರಿಯಲ್ಲಿ ಹುಟ್ಟಿದ ಮಾರಿಯಾ ತೆಲ್ಕೆಶ್ 1948ರಲ್ಲಿ ಡೋವರ್ ಎಂಬ ಊರಿನಲ್ಲಿ ಮತ್ತೊಂದು ಮನೆಯನ್ನು ಯೋಜಿಸಿದರು. ಅದರ ವಾಸ್ತುಶಿಲ್ಪಿ ಎಲಿನೋರ್ ರೇಮಂಡ್. ಹಣ ಕೊಟ್ಟವರು ಅಮೀಲಿಯಾ ಪೀಬಾಡಿ. ಮೂವರೂ ಮಹಿಳೆಯರು ಎಂಬುದು ಆ ಕಾಲಕ್ಕೆ ಸಣ್ಣ ಮಾತಲ್ಲ.

ಆ ಮನೆಯ ಮೇಲಂತಸ್ತಿನ ದಕ್ಷಿಣ ಮುಖದ ಉದ್ದಕ್ಕೂ ಗಾಜು. ಗಾಜಿನ ಹಿಂದೆ ಕಪ್ಪು ಬಳಿದ ಲೋಹದ ತಗಡು. ಬಿಸಿಲಿಗೆ ಕಾದ ಗಾಳಿಯನ್ನು ಬೀಸಣಿಗೆಗಳು ಕೆಳಕ್ಕೆ ತಳ್ಳುತ್ತವೆ. ಕೋಣೆಗಳ ನಡುವಿನ ಗೋಡೆಗಳಲ್ಲಿ ಅಡಗಿಸಿಟ್ಟ ಡಬ್ಬಿಗಳಲ್ಲಿ ಗ್ಲಾಬರ್ ಲವಣ, ಎಂದರೆ ಹತ್ತು ಅಣು ನೀರನ್ನು ಹಿಡಿದುಕೊಂಡಿರುವ ಸೋಡಿಯಂ ಸಲ್ಫೇಟು, ತುಂಬಿತ್ತು. ಈ ಲವಣ ಸುಮಾರು 32 ಡಿಗ್ರಿಯಲ್ಲಿ ಕರಗುತ್ತದೆ. ಕರಗುವಾಗ ಕಿಲೋಗ್ರಾಮಿಗೆ ಸುಮಾರು 250 ಕಿಲೋಜೌಲ್ ಶಾಖವನ್ನು ಹೀರುತ್ತದೆ. ರಾತ್ರಿ ಮತ್ತೆ ಹೆಪ್ಪುಗಟ್ಟುವಾಗ ಅದನ್ನು ಕೋಣೆಗೆ ಬಿಡುತ್ತದೆ. ಒಂದು ಕಿಲೋಗ್ರಾಂ ನೀರು 10 ಡಿಗ್ರಿ ತಣಿದಾಗ ಕೊಡುವುದು 42 ಕಿಲೋಜೌಲ್ ಮಾತ್ರ. ಲವಣದ್ದು ಅದಕ್ಕೆ ಆರರಷ್ಟು. ಎಷ್ಟು ಸುಂದರವಾದ ಕಲ್ಪನೆ! ತೆಲ್ಕೆಶ್‌ರ ಬಂಧುಗಳೇ ಆ ಮನೆಯಲ್ಲಿ ವಾಸಕ್ಕೆ ಬಂದರು. ಮೊದಲಲ್ಲಿ ಮನೆ ಚೆನ್ನಾಗಿಯೇ ನಡೆಯಿತು. ಆದರೆ ಕರಗಿ ಹೆಪ್ಪುಗಟ್ಟುವ ಆಟ ಮತ್ತೆ ಮತ್ತೆ ನಡೆದಂತೆ, ಲವಣದ ಒಂದಂಶ ತನ್ನ ನೀರಿನಿಂದ ಬೇರ್ಪಟ್ಟು ಡಬ್ಬಿಯ ತಳದಲ್ಲಿ ಗಷ್ಟಾಗಿ ಕೂರತೊಡಗಿತು. ತಳದಲ್ಲಿ ಕೂತ ಲವಣಕ್ಕೆ ಮೇಲಿನ ನೀರು ಪೂರ್ಣವಾಗಿ ಸಿಗದು, ಸಿಗದಿದ್ದರೆ ಹೆಪ್ಪುಗಟ್ಟದು, ಹೆಪ್ಪುಗಟ್ಟದಿದ್ದರೆ ಶಾಖವಿಲ್ಲ. ಕೆಲವು ಚಳಿಗಾಲಗಳು ಕಳೆಯುವಷ್ಟರಲ್ಲಿ ಮನೆ ತಣ್ಣಗಾಗತೊಡಗಿ, ಕೊನೆಗೆ ಸಾಧಾರಣ ಒಲೆಯ ಮೊರೆ ಹೋಗಬೇಕಾಯಿತು.

ಡೋವರ್ ಮನೆ ವಾಷಿಂಗ್ಟನ್ನಿನ ಹುಲ್ಲುಹಾಸಿನ ಮೇಲೆ ಒಂದು ವಾರ ನಿಂತಿದ್ದರೆ ಬಹುಶಃ ಒಳ್ಳೆಯ ಅಂಕಗಳನ್ನೇ ಪಡೆಯುತ್ತಿತ್ತು. ಇದು ಸ್ಪರ್ಧೆಯ ಕೊರತೆ. ಒಂದು ವಾರದಲ್ಲಿ ಗಾಳಿ ಸೋರಿಕೆ ಕಾಣುತ್ತದೆ, ಬ್ಯಾಟರಿಯ ಮಿತಿ ಕಾಣುತ್ತದೆ. ಆದರೆ ವಸ್ತುಗಳ ಮುಪ್ಪು ಕಾಣುವುದಿಲ್ಲ. ಎಂಪವರ್‌ಹೌಸ್ ನಮಗೆ ಹಿಡಿಸಿದ್ದು ಈ ಕಾರಣದಿಂದ. ಬಡವರಿಗೆ ಮನೆ ಕಟ್ಟಿಕೊಡುವ ಹ್ಯಾಬಿಟಾಟ್ ಫಾರ್ ಹ್ಯುಮಾನಿಟಿ ಸಂಸ್ಥೆಯೊಡನೆ ಸೇರಿ ಯೋಜಿಸಿದ್ದ ಆ ಮನೆಯನ್ನು ಸ್ಪರ್ಧೆಯ ಅನಂತರ ವಾಷಿಂಗ್ಟನ್ನಿನ ಡೀನ್‌ವುಡ್ ಎಂಬ ಬಡಾವಣೆಗೆ ಒಯ್ದರು. 2012ರಲ್ಲಿ ಅದು ನಿಜವಾದ ಸಂಸಾರದ ವಾಸದ ಮನೆಯಾಯಿತು. ಅದೇ 2012ರಲ್ಲಿ ಸ್ಯಾಂಡಿ ಎಂಬ ಚಂಡಮಾರುತ ಸ್ಟೀವನ್ಸ್ ಸಂಸ್ಥೆಯಿರುವ ಹೊಬೋಕನ್ ಊರನ್ನು ನೀರಿನಲ್ಲಿ ಮುಳುಗಿಸಿ, ವಿದ್ಯುತ್ತನ್ನು ಕಡಿದುಹಾಕಿತು. ಅಲ್ಲಿನ ವಿದ್ಯಾರ್ಥಿಗಳು ಪ್ರವಾಹವನ್ನು ತಡೆಯುವ, ಜಾಲ ಕೆಟ್ಟಾಗಲೂ ಬೆಳಕು ನೀಡುವ ‘ಶ್ಯೂರ್ ಹೌಸ್’ ಎಂಬ ಮನೆಯನ್ನು ಕಟ್ಟಿ 2015ರ ಸ್ಪರ್ಧೆಯಲ್ಲಿ ಮೊದಲನೆಯವರಾದರು.

ನಮ್ಮ ಸೂರ್ಯ, ನಮ್ಮ ಚಾವಣಿ

ಈ ಮನೆಗಳಲ್ಲಿ ಒಂದನ್ನು ಹಾಗೆಯೇ ತಂದು ಬೆಂಗಳೂರಿನಲ್ಲಿಯೋ ಕಲಬುರಗಿಯಲ್ಲಿಯೋ ನಿಲ್ಲಿಸಬಹುದೇ? ನಿಲ್ಲಿಸಬಹುದು, ಆದರೆ ನಮ್ಮ ಸೂರ್ಯ ಅದಕ್ಕೆ ಒಗ್ಗುವುದಿಲ್ಲ. ಭಾರತದ ವಿದ್ಯಾರ್ಥಿಗಳಿಗೂ ಇದು ತಿಳಿಯದ ವಿಷಯವಲ್ಲ. ಮುಂಬಯಿಯ ಐ.ಐ.ಟಿ.ಯ ‘ಟೀಮ್ ಶೂನ್ಯ’ ಎಂಬ ತಂಡ 2014ರಲ್ಲಿ ಫ್ರಾನ್ಸಿನ ವರ್ಸೇಲ್ಸಿನಲ್ಲಿ ನಡೆದ ಯೂರೋಪಿನ ಸ್ಪರ್ಧೆಯಲ್ಲಿ ತನ್ನ ಮನೆಯನ್ನು ಕಟ್ಟಿತು. 2020ರಲ್ಲಿ ಆರಂಭವಾದ ಸೋಲಾರ್ ಡೆಕಾತ್ಲಾನ್ ಇಂಡಿಯಾ ಎಂಬ ಸ್ಪರ್ಧೆಯನ್ನು ನಡೆಸುವವರಲ್ಲಿ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಫಾರ್ ಹ್ಯೂಮನ್ ಸೆಟಲ್‌ಮೆಂಟ್ಸ್ ಸಂಸ್ಥೆಯೂ ಒಂದು.

ವಾಷಿಂಗ್ಟನ್ 39 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ 21ರ ನಡುಹಗಲಿನಲ್ಲಿ ಅಲ್ಲಿ ಸೂರ್ಯ ದಕ್ಷಿಣದಲ್ಲಿ ದಿಗಂತದಿಂದ 27.5 ಡಿಗ್ರಿ ಮಾತ್ರ ಮೇಲಿರುತ್ತಾನೆ. ಜೂನ್ 21ರಂದು 74.5 ಡಿಗ್ರಿ. ಆದ್ದರಿಂದ ದಕ್ಷಿಣದ ಕಿಟಕಿಯ ಮೇಲೆ ಸರಿಯಾದ ಉದ್ದದ ಸೂರು ಇದ್ದರೆ, ಚಳಿಗಾಲದ ತಗ್ಗಿನ ಬಿಸಿಲು ಒಳಗೆ ಬರುತ್ತದೆ, ಬೇಸಗೆಯ ಎತ್ತರದ ಬಿಸಿಲು ಹೊರಗೇ ನಿಲ್ಲುತ್ತದೆ. ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಇಲ್ಲಿ ಡಿಸೆಂಬರಿನ ಸೂರ್ಯನೂ 53.5 ಡಿಗ್ರಿ ಎತ್ತರದಲ್ಲಿರುತ್ತಾನೆ. ಏಪ್ರಿಲ್ ಕೊನೆಯ ವಾರದಲ್ಲಿ ಒಮ್ಮೆ, ಆಗಸ್ಟ್ ಮೂರನೆಯ ವಾರದಲ್ಲಿ ಮತ್ತೊಮ್ಮೆ ನೆತ್ತಿಯ ಮೇಲೆ ಬಂದು ನೆಟ್ಟಗೆ ನಿಂತ ಕಂಬಕ್ಕೆ ನೆರಳಿಲ್ಲದಂತೆ ಮಾಡುತ್ತಾನೆ. ಆ ಎರಡು ದಿನಗಳ ನಡುವಣ ತಿಂಗಳುಗಳಲ್ಲಿ ನಡುಹಗಲಿನ ಬಿಸಿಲು ಬರುವುದು ಉತ್ತರದ ಕಡೆಯಿಂದ! ದಕ್ಷಿಣದ ಸೂರಿನ ಉಪಾಯ ಆಗ ನಿಷ್ಪ್ರಯೋಜಕ.

ನಮ್ಮಲ್ಲಿ ಬಿಸಿಲಿನ ಹೊರೆಯೆಲ್ಲ ಬೀಳುವುದು ಚಾವಣಿಯ ಮೇಲೆ. ಸ್ವಚ್ಛವಾದ ಆಕಾಶವಿರುವ ಏಪ್ರಿಲ್ ನಡುಹಗಲಿನಲ್ಲಿ ಪ್ರತಿ ಚದರ ಮೀಟರಿಗೆ ಸುಮಾರು 1,000 ವಾಟ್ ಬಿಸಿಲು ಬೀಳುತ್ತದೆ. ಹತ್ತು ಮೀಟರು ಉದ್ದ, ಹತ್ತು ಮೀಟರು ಅಗಲದ ಕಾಂಕ್ರೀಟು ತಾರಸಿಯ ಮೇಲೆ 100 ಕಿಲೋವಾಟ್! ಮನೆಯನ್ನು ಬೆಚ್ಚಗಿಡುವುದು ಅವರ ಸಮಸ್ಯೆಯಾದರೆ, ಈ ನೂರು ಕಿಲೋವಾಟನ್ನು ಹೊರಗಟ್ಟುವುದು ನಮ್ಮ ಸಮಸ್ಯೆ. ಇನ್ನೊಂದು ಕಡೆ ಫಲಕವನ್ನು ಇಡುವವರಿಗೆ ನಮ್ಮ ಸೂರ್ಯ ಉದಾರಿ. ಡಿಸೆಂಬರಿನ ನಡುಹಗಲಿನಲ್ಲಿ ಮಟ್ಟಸವಾಗಿ ಮಲಗಿಸಿದ ಫಲಕ ವಾಷಿಂಗ್ಟನ್ನಿನಲ್ಲಿ, ಸೂರ್ಯನಿಗೆ ನೇರವಾಗಿ ತಿರುಗಿಸಿದ ಫಲಕಕ್ಕೆ ದೊರೆಯುವ ನೇರ ಬಿಸಿಲಿನಲ್ಲಿ ಶೇಕಡ 46 ಭಾಗವನ್ನು ಮಾತ್ರ ಪಡೆಯುತ್ತದೆ. ಬೆಂಗಳೂರಿನಲ್ಲಿ ಶೇಕಡ 80 ಭಾಗವನ್ನು. ಫಲಕದ ಓರೆಯಲ್ಲಿ ಸ್ವಲ್ಪ ತಪ್ಪಿದರೂ ಇಲ್ಲಿ ದೊಡ್ಡ ನಷ್ಟವಿಲ್ಲ. ನಷ್ಟ ಬರುವುದು ಬೇರೆ ಕಡೆಯಿಂದ. ಸಿಲಿಕಾನ್ ಫಲಕಗಳ ಸಾಮರ್ಥ್ಯವನ್ನು ತಯಾರಕರು ಹೇಳುವುದು ಕೋಶದ ಉಷ್ಣತೆ 25 ಡಿಗ್ರಿಯಿದ್ದಾಗ. ಅಲ್ಲಿಂದ ಮೇಲೆ ಪ್ರತಿ ಡಿಗ್ರಿಗೆ ಸುಮಾರು ಶೇಕಡ 0.4ರಷ್ಟು ಸಾಮರ್ಥ್ಯ ಕುಗ್ಗುತ್ತದೆ. ಬೇಸಗೆಯಲ್ಲಿ ಫಲಕ 60 ಡಿಗ್ರಿಗೆ ಕಾದರೆ ಶೇಕಡ 14 ಭಾಗ ಹೋದಂತೆಯೇ. ಫಲಕವನ್ನು ತಾರಸಿಗೆ ಅಂಟಿಸದೆ, ಕೆಳಗೆ ಗಾಳಿಯಾಡುವಂತೆ ಎತ್ತಿ ನಿಲ್ಲಿಸಿದರೆ ಫಲಕವೂ ತಣ್ಣಗಿರುತ್ತದೆ, ಅದರ ನೆರಳಿನಲ್ಲಿ ತಾರಸಿಯೂ ತಣ್ಣಗಿರುತ್ತದೆ.

ತಾರಸಿಯ ಮೇಲೆ ಎರಡು ಪೆಟ್ಟಿಗೆಗಳು

ಇಷ್ಟನ್ನೂ ನಾವು ಹೇಳಿದ್ದರಿಂದಲೇ ನಂಬಬೇಕಾಗಿಲ್ಲ. ಇದಕ್ಕೆ ದೊಡ್ಡ ಮನೆಯೂ ಬೇಡ, ಹೆಚ್ಚು ಹಣವೂ ಬೇಡ. ಒಂದೇ ಅಳತೆಯ ಎರಡು ರಟ್ಟಿನ ಪೆಟ್ಟಿಗೆಗಳು, ಎರಡು ಥರ್ಮಾಮೀಟರುಗಳು, ಸ್ವಲ್ಪ ಸುಣ್ಣ, ಕಪ್ಪು ಕಾಗದ, ಒಂದು ನೋಟ್‌ಬುಕ್ಕು ಸಾಕು. ಜ್ವರ ನೋಡುವ ಥರ್ಮಾಮೀಟರು ಇದಕ್ಕೆ ಒದಗದು. ಪ್ರಯೋಗಶಾಲೆಯಲ್ಲಿ ಬಳಸುವಂತಹುದು ಬೇಕು.

ಒಂದು ಪೆಟ್ಟಿಗೆಯ ಮುಚ್ಚಳಕ್ಕೆ ದಪ್ಪನಾಗಿ ಸುಣ್ಣ ಬಳಿಯಿರಿ. ಮತ್ತೊಂದಕ್ಕೆ ಕಪ್ಪು ಕಾಗದ ಅಂಟಿಸಿ. ಪಕ್ಕದಲ್ಲಿ ತೂತು ಮಾಡಿ ಥರ್ಮಾಮೀಟರಿನ ಬುರುಡೆ ಪೆಟ್ಟಿಗೆಯ ನಡುವೆ ಇರುವಂತೆ ತೂರಿಸಿ, ತೂತಿನ ಸುತ್ತ ಹತ್ತಿ ತುರುಕಿ. ಎರಡನ್ನೂ ಬೆಳಗ್ಗೆ ಒಂಬತ್ತಕ್ಕೆ ತಾರಸಿಯ ಮೇಲೆ, ಒಂದೇ ಬಿಸಿಲು ಒಂದೇ ಗಾಳಿ ಸಿಗುವಂತೆ ಇಟ್ಟು, ಹದಿನೈದು ನಿಮಿಷಕ್ಕೊಮ್ಮೆ ಉಷ್ಣತೆಯನ್ನು ಬರೆದುಕೊಳ್ಳಿ. ಮಾರನೆಯ ದಿನ ಮುಚ್ಚಳಗಳನ್ನು ಮಾತ್ರ ಅದಲುಬದಲು ಮಾಡಿ ಮತ್ತೆ ಅಳೆಯಿರಿ. ವ್ಯತ್ಯಾಸ ಮುಚ್ಚಳದ ಬಣ್ಣದಿಂದ ಬಂದುದೋ, ಪೆಟ್ಟಿಗೆಯ ಅಥವಾ ಥರ್ಮಾಮೀಟರಿನ ದೋಷದಿಂದ ಬಂದುದೋ ಎಂಬುದು ಆಗ ತಿಳಿಯುತ್ತದೆ. ಈ ಅದಲುಬದಲನ್ನು ಬಿಟ್ಟ ಪ್ರಯೋಗ ಪ್ರಯೋಗವೇ ಅಲ್ಲ.

ಇನ್ನೊಂದು ದಿನ ಎರಡಕ್ಕೂ ಕಪ್ಪು ಮುಚ್ಚಳವನ್ನೇ ಹಾಕಿ, ಒಂದರೊಳಗೆ ಒಂದು ಲೀಟರು ನೀರು ತುಂಬಿ ಬಿರಡೆ ಹಾಕಿದ ಸೀಸೆಯನ್ನು ಇಡಿ. ಬೆಳಗ್ಗೆ ಆ ಪೆಟ್ಟಿಗೆ ನಿಧಾನವಾಗಿ ಕಾಯುತ್ತದೆ. ಸಂಜೆ ನಿಧಾನವಾಗಿ ತಣಿಯುತ್ತದೆ. ಸಂಜೆ ಎರಡನ್ನೂ ನೆರಳಿಗೆ ತಂದಿಟ್ಟು, ಒಳಗಿನ ಮತ್ತು ಹೊರಗಿನ ಉಷ್ಣತೆಗಳ ವ್ಯತ್ಯಾಸದ ಲಾಗರಿತಮ್ಮನ್ನು ಕಾಲದ ಎದುರು ಗುರುತಿಸಿದರೆ ಹೆಚ್ಚುಕಡಮೆ ಸರಳರೇಖೆ ಬರಬೇಕು. ಇದು ನ್ಯೂಟನ್ನನ ತಣಿಯುವಿಕೆಯ ನಿಯಮ. ನೀರಿರುವ ಪೆಟ್ಟಿಗೆಯ ರೇಖೆ ಎಷ್ಟು ಕಡಮೆ ಓರೆಯಾಗಿದೆಯೋ ಅಷ್ಟು ಹೆಚ್ಚು ಶಾಖವನ್ನು ಅದು ಹಿಡಿದಿಟ್ಟುಕೊಂಡಿದೆ ಎಂದರ್ಥ. ತೆಲ್ಕೆಶ್‌ರ ಲವಣದ ಕೆಲಸವನ್ನು ಇಲ್ಲಿ ನೀರು ಮಾಡುತ್ತಿದೆ.

ಕೆಲವು ವಾಟಿನ ಸಣ್ಣ ಫಲಕವೊಂದು ದೊರೆತರೆ ಮೂರನೆಯ ಪ್ರಯೋಗವನ್ನೂ ಮಾಡಬಹುದು. ಫಲಕದ ಎರಡು ತಂತಿಗಳನ್ನು ಮಲ್ಟಿಮೀಟರಿಗೆ ಜೋಡಿಸಿ ಪ್ರವಾಹವನ್ನು ಅಳೆಯಿರಿ. ವೋಲ್ಟತೆಯನ್ನು ಅಳೆದರೆ ಪ್ರಯೋಜನವಿಲ್ಲ. ಮಂದ ಬೆಳಕಿನಲ್ಲಿಯೂ ಅದು ಹೆಚ್ಚು ಇಳಿಯುವುದಿಲ್ಲ. ಪ್ರವಾಹವಾದರೋ ಬೀಳುವ ಬೆಳಕಿನ ಪ್ರಮಾಣದಲ್ಲಿಯೇ ಇರುತ್ತದೆ. ಮೊದಲು ಫಲಕವನ್ನು ಸೂರ್ಯನಿಗೆ ನೇರವಾಗಿ ಹಿಡಿದು, ಅನಂತರ ಕೋನಮಾಪಕದ ಸಹಾಯದಿಂದ ಹತ್ತು ಹತ್ತು ಡಿಗ್ರಿ ತಿರುಗಿಸುತ್ತ ಪ್ರವಾಹವನ್ನು ಕೋನದ ಕೊಸೈನಿನೊಡನೆ ಹೋಲಿಸಿ. ಮೊದಲ ಕೆಲವು ಬಿಂದುಗಳು ಸರಳರೇಖೆಯ ಮೇಲೆ ಕೂರುತ್ತವೆ. ತೊಂಬತ್ತು ಡಿಗ್ರಿಯ ಹತ್ತಿರ ಬಂದಂತೆ ಪ್ರವಾಹ ಸೊನ್ನೆಗೆ ಇಳಿಯುವ ಬದಲು ಸ್ವಲ್ಪ ಉಳಿದುಬಿಡುತ್ತದೆ. ಈ ಉಳಿದದ್ದು ಎಲ್ಲಿಂದ ಬಂದಿತು ಎಂದು ತಿಳಿಯಬೇಕಾದರೆ ಫಲಕವನ್ನು ಮತ್ತೆ ಸೂರ್ಯನಿಗೆ ನೇರವಾಗಿ ಹಿಡಿದು, ಒಂದೆರಡು ಮೀಟರು ದೂರದಲ್ಲಿ ಸಣ್ಣ ರಟ್ಟೊಂದನ್ನು ಅಡ್ಡ ಹಿಡಿದು ಅದರ ನೆರಳು ಫಲಕವನ್ನಷ್ಟೇ ಮುಚ್ಚುವಂತೆ ಮಾಡಿ. ನೇರ ಬಿಸಿಲು ನಿಂತಿತು; ಈಗ ಬರುತ್ತಿರುವ ಪ್ರವಾಹ ಆಕಾಶದ ಚದುರಿದ ಬೆಳಕಿನದು. ಸ್ವಚ್ಛವಾದ ದಿನ ಇದು ಒಟ್ಟಿನ ಸಣ್ಣದೊಂದು ಪಾಲು. ಮೋಡ ದಟ್ಟವಾಗಿ ಕವಿದ ದಿನ ರಟ್ಟನ್ನು ಹಿಡಿದರೂ ಹಿಡಿಯದಿದ್ದರೂ ಮಲ್ಟಿಮೀಟರಿನ ಅಂಕಿ ಹೆಚ್ಚುಕಡಮೆ ಒಂದೇ ಆಗಿರುತ್ತದೆ, ಮತ್ತು ಫಲಕವನ್ನು ಮಟ್ಟಸವಾಗಿ ಮಲಗಿಸಿದಾಗಲೇ ಅದು ಎಲ್ಲಕ್ಕಿಂತ ಹೆಚ್ಚಾಗುತ್ತದೆ.